ನಾಲ್ಕು ದಿಕ್ಕಿನ ಚಕ್ಕುಬಂದಿ

ಆಸ್ತಿಪತ್ರ ಬರೆಯುವವರ ಪಾಲಿಗೆ ಎಷ್ಟು ದೊಡ್ಡ ಭೂಮಿಯಾದರೂ ನಾಲ್ಕು ಸಾಲಿನಲ್ಲಿ ಹಿಡಿಸುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರಕಾರಿ ಬೀಳು. ಈ ನಾಲ್ಕರ ಮಧ್ಯೆ ಇರುವುದೇ ಸ್ವತ್ತು. ಇದಕ್ಕೆ ಚಕ್ಕುಬಂದಿ ಎಂದು ಹೆಸರು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ತಿದ್ದುಪಡಿ ಮಾಡಿಸಬಹುದು. ಚಕ್ಕುಬಂದಿ ತಪ್ಪಿತೋ, ಅಣ್ಣತಮ್ಮಂದಿರು ಎರಡು ತಲೆಮಾರು ಕೋರ್ಟಿಗೆ ಅಲೆಯಬೇಕು.

ಕಲಬುರಗಿಯ ಒಬ್ಬ ಪತ್ರ ಬರಹಗಾರರು ಇಪ್ಪತ್ತೆರಡು ವರ್ಷದಿಂದ ಇದನ್ನೇ ಬರೆಯುತ್ತ ಬಂದವರು. ಮೊದಲು ಛಾಪಾ ಕಾಗದದ ಮೇಲೆ ಕೈಬರಹ, ಈಗ ಕಂಪ್ಯೂಟರ್. ಒಂದು ಸಂಜೆ ಅವರು ಮನೆಗೆ ಬಂದಾಗ ಕೈಯಲ್ಲಿ ಬೇರೆಯವರದಲ್ಲದ, ಸ್ವಂತದ್ದೇ ಒಂದು ಕಾಗದವಿತ್ತು. ಆಳಂದ ತಾಲ್ಲೂಕಿನ ತಮ್ಮ ಹಳ್ಳಿಯ ಮನೆಗೆ ಗೌಂಡಿ ಬರೆದುಕೊಟ್ಟ ಅಂದಾಜು ಪಟ್ಟಿ. ಅಲ್ಲಿ ಅವರ ತಾಯಿ ಒಬ್ಬರೇ ಇದ್ದಾರೆ. ಕಲ್ಲು-ಕೆಸರಿನ ಗೋಡೆ, ಮೇಲೆ ಮೊಳದುದ್ದ ಮಣ್ಣು ಹೊತ್ತ ಮಾಳಿಗೆ. ಹಿಂದಿನ ಮಳೆಗಾಲದಲ್ಲಿ ಒಂದು ಗೋಡೆ ಹೊಟ್ಟೆ ಬಿಟ್ಟಿತ್ತು. ಅದನ್ನು ಬಿಚ್ಚಿ, ಅದೇ ಕಲ್ಲಿನಲ್ಲಿ ಸಿಮೆಂಟು ಹಾಕಿ ಮೂರು ಖೋಲಿ ಕಟ್ಟಿಸುವುದು ಎಂದಾಗಿತ್ತು. ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಅವರನ್ನು ಕಾಡುತ್ತಿತ್ತು: ‘ಬಾಗಿಲ ಮೇಲಿನ ಮಟ್ಟಕ್ಕೆ ಸುತ್ತ ಕಾಂಕ್ರೀಟ್ ಪಟ್ಟಿ’. ಅದಕ್ಕೆ ಕಬ್ಬಿಣ, ಸಿಮೆಂಟು, ಕೂಲಿ ಬೇರೆ. ಗೌಂಡಿಯೇ ಹೇಳಿದ್ದ: “ಬೇಕಂದ್ರ ಹಾಕ್ತೀನ್ರಿ, ಬ್ಯಾಡಂದ್ರ ಬಾಗಿಲ ಮ್ಯಾಲ ತುಂಡು ಲಿಂಟಲ್ ಸಾಕು. ನಮ್ಮ ಕಡಿ ಯಾರೂ ಸುತ್ತ ಹಾಕಂಗಿಲ್ಲ.” ಅವರು ಆ ಸಾಲಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಿದ್ದರು.

ಒಳಗೆ ಹದಿನಾಲ್ಕು ವರ್ಷದ ಮಗಳು ಗಟ್ಟಿಯಾಗಿ ಓದುತ್ತಿದ್ದಳು.

“ಏನು ಓದ್ಲಾಕತ್ತಿ?”

“ಗಡಿ, ಅಪ್ಪಾಜಿ. ಭೂಫಲಕದ ಗಡಿ. ಮೂರು ನಮೂನಿ ಅದಾವ. ನಾಳೆ ಪರೀಕ್ಷಾದಾಗ ನಾಕು ಮಾರ್ಕ್ಸಿಗೆ ಬರ್ತದ.”

ಗಡಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಪತ್ರ ಬರಹಗಾರರು ಸುಮ್ಮನಿರುವುದುಂಟೆ? ಚಹಾದ ಲೋಟ ಹಿಡಿದು ಪಕ್ಕದಲ್ಲಿ ಕುಳಿತರು. ಮಗಳು ಒಂದೇ ಉಸಿರಿಗೆ ಹೇಳಿದಳು: ಅಪಸರಣ ಗಡಿ, ಉದಾಹರಣೆ ಅಟ್ಲಾಂಟಿಕ್ ಸಾಗರದ ಮಧ್ಯದ ಏಣು. ಅಭಿಸರಣ ಗಡಿ, ಉದಾಹರಣೆ ಆಂಡಿಸ್ ಪರ್ವತ. ರೂಪಾಂತರ ಗಡಿ, ಉದಾಹರಣೆ ಕ್ಯಾಲಿಫೋರ್ನಿಯದ ಸ್ಯಾನ್ ಆಂಡ್ರಿಯಾಸ್.

“ಎಲ್ಲಾ ಮಂದೀ ಹೊಲದ್ದೇ ಹೇಳ್ದಿ. ನಮ್ಮ ಹೊಲದ ಚಕ್ಕುಬಂದಿ ಎಲ್ಲದ?”

ಮಗಳು ತಬ್ಬಿಬ್ಬಾದಳು. ಪುಸ್ತಕದಲ್ಲಿ ಅದಿರಲಿಲ್ಲ. ಆದರೆ ಮೇಷ್ಟ್ರು ಕೊಟ್ಟ ಪ್ರಪಂಚದ ಫಲಕಗಳ ನಕ್ಷೆಯ ಜೆರಾಕ್ಸ್ ಪ್ರತಿ ಇತ್ತು. ಅಪ್ಪ ಮಗಳು ಅದನ್ನು ನೆಲದ ಮೇಲೆ ಹಾಸಿಕೊಂಡು ಭಾರತದ ಫಲಕಕ್ಕೆ ಚಕ್ಕುಬಂದಿ ಬರೆಯಲು ಕುಳಿತರು.

ಫಲಕ ಎಂದರೆ ಏನೆಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಭೂಮಿಯ ಹೊರಮೈ ಇಡಿಯಾದ ಚಿಪ್ಪಲ್ಲ. ಒಡೆದ ತೆಂಗಿನ ಕರಟದ ಹಾಗೆ ಹೋಳುಹೋಳಾಗಿದೆ. ದೊಡ್ಡ ಹೋಳುಗಳು ಏಳು, ಚಿಕ್ಕವು ಹಲವು. ಒಂದೊಂದರ ದಪ್ಪ ಸುಮಾರು ನೂರು ಕಿಲೋಮೀಟರ್. ಅವುಗಳ ಕೆಳಗಿರುವುದು ಕರಗಿದ ಬಂಡೆಯ ಸಮುದ್ರವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅಲ್ಲಿರುವುದೂ ಗಟ್ಟಿ ಬಂಡೆಯೇ. ಆದರೆ ಬೇಸಿಗೆಯ ಬೆಲ್ಲದ ಅಚ್ಚು ಕಣ್ಣಿಗೆ ಗಟ್ಟಿಯಾಗಿಯೇ ಕಂಡು, ಒತ್ತಡಕ್ಕೆ ಮೆಲ್ಲಗೆ ಮೈಬಿಡುವ ಹಾಗೆ, ಆ ಬಿಸಿ ಬಂಡೆ ಲಕ್ಷಾಂತರ ವರ್ಷಗಳಲ್ಲಿ ಹರಿಯುತ್ತದೆ. ಅದರ ಮೇಲೆ ಫಲಕಗಳು ಸರಿಯುತ್ತವೆ. ಖಂಡಗಳು ಅಲೆಯುತ್ತವೆ ಎಂದು ಜರ್ಮನಿಯ ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಬಹಳ ಮಂದಿ ವಿಜ್ಞಾನಿಗಳು ನಂಬಲಿಲ್ಲ. 1930ರಲ್ಲಿ ಅವರು ಗ್ರೀನ್‌ಲೆಂಡಿನ ಹಿಮದಲ್ಲಿ ತೀರಿಕೊಂಡರು. ಜಗತ್ತು ಅವರ ಮಾತಿಗೆ ತಲೆದೂಗಿದ್ದು ಮೂರು ದಶಕಗಳ ಮೇಲೆ.

“ಮೊದಲು ಉತ್ತರ ಬರೀತೀನ್ರಿ, ಅದು ಸಲೀಸು,” ಎಂದಳು ಮಗಳು. ಪತ್ರದಲ್ಲಿ ಪೂರ್ವ ಮೊದಲು ಬರಬೇಕೆಂದು ಅಪ್ಪ ಗೊಣಗಿದರು. ಪೂರ್ವಕ್ಕೆ ಜಾಗ ಬಿಟ್ಟು ಬರೆಯುವುದೆಂದು ರಾಜಿಯಾಯಿತು.

ಉತ್ತರಕ್ಕೆ ಯುರೇಷಿಯಾ ಫಲಕ, ಗಡಿಗುರುತು, ಹಿಮಾಲಯ. ಇದು ಅಭಿಸರಣ ಗಡಿ, ಎಂದರೆ ಎದುರುಬದುರಾಗಿ ಬಂದು ಕೂಡುವ ಗಡಿ. ಒಂದು ಕಾಲಕ್ಕೆ ಇವೆರಡರ ನಡುವೆ ಟೆಥಿಸ್ ಎಂಬ ಸಮುದ್ರವಿತ್ತು. ಭಾರತದ ಭೂಭಾಗ ದಕ್ಷಿಣದಿಂದ ಬಂತು. ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ವೇಗ. ಫಲಕಗಳ ಲೆಕ್ಕದಲ್ಲಿ ಅದು ಓಟವೇ ಸರಿ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದು ಏಷ್ಯಾಕ್ಕೆ ಢಿಕ್ಕಿ ಹೊಡೆಯಿತು. ಎರಡೂ ಕಡೆ ಹಗುರ ಬಂಡೆಯ ಖಂಡಗಳೇ ಆದ್ದರಿಂದ ಯಾವುದೂ ಸಲೀಸಾಗಿ ಕೆಳಗೆ ಮುಳುಗಲಿಲ್ಲ. ನೆಲ ಮಡಿಕೆಯಾಗಿ ಮೇಲೆದ್ದಿತು. ಸಮುದ್ರದ ತಳದ ಸುಣ್ಣಕಲ್ಲು ಈಗ ಎವರೆಸ್ಟಿನ ನೆತ್ತಿಯ ಮೇಲಿದೆ.

ಇದಕ್ಕೆ ಸಾಕ್ಷಿ ಬೇಕೆಂದರೆ ನೇಪಾಳಕ್ಕೆ ಹೋಗಬೇಕಿಲ್ಲ. ಪಕ್ಕದ ಮನೆಯ ಆಚಾರ್ಯರ ದೇವರ ಪೆಟ್ಟಿಗೆಯಲ್ಲಿಯೇ ಇತ್ತು. ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದ ಒಳಗೆ ಕಾಣುವ ಸುರುಳಿ, ಆ ಟೆಥಿಸ್ ಸಮುದ್ರದಲ್ಲಿ ಬದುಕಿದ್ದ ಚಿಪ್ಪುಜೀವಿಯ ಗುರುತು. ಮಗಳು ಎಷ್ಟೋ ಸಲ ಅಲ್ಲಿ ತೀರ್ಥ ತೆಗೆದುಕೊಂಡಿದ್ದಳು.

ಭಾರತದ ಫಲಕ ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯದತ್ತ ಸರಿಯುತ್ತಿದೆ. ಮಗಳು ಲೆಕ್ಕ ಹಾಕಿದಳು. ತಾನು ಹುಟ್ಟಿದಂದಿನಿಂದ ಒಂದೂವರೆ ಮೊಳ! ಆ ತಳ್ಳಾಟದ ಒಂದು ಭಾಗ ಹಿಮಾಲಯದ ಬುಡದಲ್ಲಿ ಸಿಕ್ಕಿಬಿದ್ದು ಕೂಡಿಕೊಳ್ಳುತ್ತ ಹೋಗುತ್ತದೆ. ಒಂದು ದಿನ ಜಾರುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಜಾರಿದ್ದು ಹಾಗೆ. ಪ್ರಮಾಣ 7.8, ಸುಮಾರು ಒಂಬತ್ತು ಸಾವಿರ ಜನ ಸತ್ತರು.

ಪಶ್ಚಿಮಕ್ಕೆ ಗಡಿಯ ಗುಣ ಬೇರೆ. ಭಾರತದ ಫಲಕ ಉತ್ತರಕ್ಕೆ ಸರಿಯುವಾಗ ಅದರ ಎಡಮಗ್ಗುಲು ಪಕ್ಕದವರ ಮೈಗೆ ಉಜ್ಜಿಕೊಂಡು ಹೋಗುತ್ತದೆ. ಎದುರೆದುರು ಗುದ್ದಾಟವಿಲ್ಲ, ದೂರವಾಗುವುದೂ ಇಲ್ಲ. ಇಕ್ಕಟ್ಟಿನ ಓಣಿಯಲ್ಲಿ ಎರಡು ಬಂಡಿ ಒಂದಕ್ಕೊಂದು ತಗುಲಿಕೊಂಡು ಹೋದ ಹಾಗೆ. ಇದೇ ರೂಪಾಂತರ ಗಡಿ. ಪಾಕಿಸ್ತಾನ-ಅಫ್ಘಾನಿಸ್ತಾನದ ಅಂಚಿನಲ್ಲಿ ಇದನ್ನು ಚಮನ್ ಸ್ತರಭಂಗ ಎನ್ನುತ್ತಾರೆ. ಅರಬ್ಬೀ ಸಮುದ್ರದೊಳಗೆ ಅರೇಬಿಯ ಫಲಕದ ಪಕ್ಕದಲ್ಲಿಯೂ ಇಂಥದೇ ಉಜ್ಜಾಟ ಮುಂದುವರಿದಿದೆ. ಇಲ್ಲಿ ಹೊಸ ನೆಲ ಹುಟ್ಟುವುದಿಲ್ಲ, ಹಳೆಯದು ಮುಳುಗುವುದೂ ಇಲ್ಲ. ಆದರೆ ಬಂಡೆ ಬಂಡೆಗೆ ಕಚ್ಚಿಕೊಂಡಿದ್ದು ಬಿಡಿಸಿಕೊಂಡಾಗ ನೆಲ ನಡುಗುತ್ತದೆ. ಈ ಅಂಚಿನ ಕ್ವೆಟ್ಟಾ ನಗರ 1935ರ ಮೇ 31ರಂದು ನೆಲಸಮವಾಯಿತು.

ನೈಋತ್ಯಕ್ಕೆ ಆಫ್ರಿಕಾದ ಕಡೆಯ ಸೊಮಾಲಿಯ ಫಲಕ. ಗಡಿಗುರುತು, ನೀರಿನೊಳಗಿನ ಕಾರ್ಲ್ಸ್‌ಬರ್ಗ್ ಏಣು. “ಇದು ಯಾರ ಹೆಸರು?” ಎಂದು ಅಪ್ಪ ಕೇಳಿದರು. ಡೆನ್ಮಾರ್ಕಿನ ಒಂದು ಬೀರು ತಯಾರಕರ ಹೆಸರು! ಇದನ್ನು ಪತ್ತೆ ಮಾಡಿದ ಡೇನಿಶ್ ಸಮುದ್ರಯಾನಕ್ಕೆ ಹಣ ಒದಗಿಸಿದ್ದು ಅವರ ಪ್ರತಿಷ್ಠಾನ. ಇದು ಅಪಸರಣ ಗಡಿ, ಅಗಲುವ ಗಡಿ. ಎರಡು ಫಲಕಗಳು ವರ್ಷಕ್ಕೆ ಎರಡು-ಮೂರು ಸೆಂಟಿಮೀಟರಿನಷ್ಟು, ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗದಲ್ಲಿ, ಬೇರೆಯಾಗುತ್ತವೆ. ಬಿರುಕಿನಲ್ಲಿ ಕೆಳಗಿನ ಬಂಡೆ ಕರಗಿ ಮೇಲೆ ಬಂದು ಹೆಪ್ಪುಗಟ್ಟಿ ಹೊಸ ನೆಲವಾಗುತ್ತದೆ.

ಈ ನೆಲಕ್ಕೆ ಒಂದು ಹೆಚ್ಚುಗಾರಿಕೆ ಇದೆ. ಬಂಡೆ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿಗೆ ಭೂಮಿಯ ಕಾಂತತ್ವ ಯಾವ ದಿಕ್ಕಿಗಿತ್ತೋ ಆ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತತ್ವ ಆಗಾಗ ಉತ್ತರ ದಕ್ಷಿಣ ಅದಲುಬದಲಾಗುತ್ತದೆ. ಹೀಗಾಗಿ ಏಣಿನ ಎರಡೂ ಬದಿಗೆ, ಕನ್ನಡಿಯಲ್ಲಿ ನೋಡಿದಂತೆ, ಸರಿಸಮ ಪಟ್ಟೆಗಳು ಮೂಡಿವೆ. ಬ್ರಿಟನ್ನಿನ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಇದನ್ನು ವಿವರಿಸಿದರು. ಅವರ ಕೈಯಲ್ಲಿದ್ದ ಹೊಸ ಅಳತೆಗಳು ಇದೇ ಕಾರ್ಲ್ಸ್‌ಬರ್ಗ್ ಏಣಿನವು. ವೆಗೆನರ್ ಹೇಳಿದ್ದು ನಿಜವೆಂದು ಜಗತ್ತು ಒಪ್ಪಲು ಬೇಕಾದ ಒಂದು ಮುಖ್ಯ ಪುರಾವೆ ಸಿಕ್ಕಿದ್ದು ಭಾರತದ ಫಲಕದ ಅಂಚಿನಲ್ಲಿ. ಸಮುದ್ರದ ತಳ ತನ್ನ ಪಹಣಿಯನ್ನು ತಾನೇ ಬರೆದಿಟ್ಟುಕೊಂಡಿತ್ತು.

“ಅಂದ್ರ ಪಾಲಾಗಿದ್ದು ನಿಜ,” ಎಂದರು ಅಪ್ಪ. ಅವರ ಕಸುಬಿನಲ್ಲಿ ಅರ್ಧ ಪಾಲುಪಟ್ಟಿಗಳೇ. ಭಾರತವೂ ಗೊಂಡ್ವಾನವೆಂಬ ಅವಿಭಕ್ತ ಕುಟುಂಬದಿಂದ ಪಾಲಾಗಿ ಬಂದದ್ದೇ. ಆಫ್ರಿಕಾ, ಅಂಟಾರ್ಕ್ಟಿಕ, ಆಸ್ಟ್ರೇಲಿಯ ಎಲ್ಲ ಒಂದೇ ಮನೆಯವರು. ಮಡಗಾಸ್ಕರ್ ಭಾರತದಿಂದ ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆ ಕಾಲದ ಜ್ವಾಲಾಮುಖಿ ಶಿಲೆ ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿದೆ. ಶಾಲೆಯ ಪ್ರವಾಸದಲ್ಲಿ ಆ ಕಂಬಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡಿದ್ದ ಮಗಳಿಗೆ ಇದು ಆಗ ಗೊತ್ತಿರಲಿಲ್ಲ.

ಕೊನೆಗೆ ಪೂರ್ವ. ಇಲ್ಲಿಯೂ ಕೂಡುವ ಗಡಿಯೇ. ಆದರೆ ಹಿಮಾಲಯದ ಹಾಗೆ ಖಂಡಕ್ಕೆ ಖಂಡ ಎದುರಾಗಿಲ್ಲ. ಸಮುದ್ರತಳದ ಭಾರವಾದ ಬಂಡೆ ಅಂಡಮಾನ್-ಸುಮಾತ್ರದ ಸಾಲಿನ ಕೆಳಗೆ ನುಗ್ಗಿ ಭೂಗರ್ಭಕ್ಕೆ ಇಳಿಯುತ್ತಿದೆ. ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಜ್ವಾಲಾಮುಖಿ ಉರಿಯುತ್ತಿರುವುದು ಅದರಿಂದಲೇ. 2004ರ ಡಿಸೆಂಬರ್ 26ರಂದು ಈ ಗಡಿಯಲ್ಲಿ ಸಾವಿರ ಕಿಲೋಮೀಟರಿಗೂ ಉದ್ದನೆಯ ಪಟ್ಟಿ ಒಮ್ಮೆಗೇ ಜಾರಿತು. ಪ್ರಮಾಣ 9.1. ಸಮುದ್ರದ ತಳ ಮೇಲೆದ್ದು ನೀರನ್ನು ಎತ್ತಿ ಒಗೆಯಿತು. ಸುನಾಮಿ ಎಂಬ ಜಪಾನಿ ಪದ ಆ ಭಾನುವಾರ ಕನ್ನಡದ ಮನೆಮಾತಾಯಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಹೋದರು. ಈ ಸಾಲಿನ ಉತ್ತರಕ್ಕೆ, ಮ್ಯಾನ್ಮಾರಿನ ನೆಲದ ಮೇಲೆ, ಸಗಾಯಿಂಗ್ ಎಂಬ ಇನ್ನೊಂದು ಉಜ್ಜುವ ಸ್ತರಭಂಗವಿದೆ. 2025ರ ಮಾರ್ಚ್ 28ರಂದು ಅದು ಜಾರಿದಾಗ ಮ್ಯಾಂಡಲೆಯ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸುಮಾರು ಸಾವಿರ ಕಿಲೋಮೀಟರ್ ಆಚೆಯ ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು.

ದಕ್ಷಿಣಕ್ಕೆ ಬಂದಾಗ ಮಗಳ ಬೆರಳು ನಕ್ಷೆಯ ಮೇಲೆ ನಿಂತಿತು. ಅಲ್ಲಿ ಗೆರೆಯೇ ಸ್ಪಷ್ಟವಿರಲಿಲ್ಲ. ಚುಕ್ಕೆ ಚುಕ್ಕೆ ಇತ್ತು. ಭಾರತ ಮತ್ತು ಆಸ್ಟ್ರೇಲಿಯ ಫಲಕಗಳನ್ನು ಬಹುಕಾಲ ಒಂದೇ ಎಂದು ಎಣಿಸುತ್ತಿದ್ದರು. ಈಗ ಅವು ಬೇರೆಯಾಗುತ್ತಿವೆ ಎನ್ನುತ್ತಾರೆ. ಆದರೆ ಇಲ್ಲಿಂದ ಇತ್ತ ನಿನ್ನದು, ಅತ್ತ ನನ್ನದು ಎಂದು ಹೇಳುವ ಒಂದು ಗೆರೆಯಿಲ್ಲ. ಸಮುದ್ರದಡಿಯ ಅಗಲವಾದ ಪ್ರದೇಶವೇ ನುಗ್ಗಾಗುತ್ತಿದೆ. 2012ರ ಏಪ್ರಿಲ್ 11ರಂದು ಅಲ್ಲಿ 8.6 ಪ್ರಮಾಣದ ಭೂಕಂಪವಾಯಿತು. ಅಪ್ಪನಿಗೆ ಇದು ಚೆನ್ನಾಗಿ ಅರ್ಥವಾಯಿತು. “ದಕ್ಷಿಣಕ್ಕೆ: ವ್ಯಾಜ್ಯದಲ್ಲಿದೆ. ಹಂಗೇ ಬರಿ,” ಎಂದರು.

ಚಕ್ಕುಬಂದಿ ಮುಗಿಯಿತು. ಮೂರು ಬಗೆಯ ಗಡಿಯೂ ಒಂದೇ ಸ್ವತ್ತಿಗೆ ಸಿಕ್ಕಿತ್ತು. ಮಗಳು ಹುರುಪಿನಿಂದ ಕೊನೆಯ ಸಾಲು ಬರೆದು ಓದಿದಳು: “ಭೂಕಂಪಗಳು ಗಡಿಗಳಲ್ಲಿ ಆಗುತ್ತವೆ. ನಮ್ಮ ಭಾಗವು ಎಲ್ಲ ಗಡಿಗಳಿಂದ ಸಾವಿರ ಕಿಲೋಮೀಟರಿಗೂ ದೂರವಿರುವುದರಿಂದ ಇಲ್ಲಿ ಭೂಕಂಪದ ಭಯವಿಲ್ಲ.”

ಅಪ್ಪ ಮಾತಾಡಲಿಲ್ಲ. ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಆಯಿ ಎಲ್ಲಿ ಮಲಗ್ತಾಳ?”

“ಬಾಗಿಲ ಬಾಜೂಕ. ಗಾಳಿ ಬರ್ತದಂತ.”

“ಚಳಿಗಾಲದಾಗೂ? ಅಗಳಿ ಹಾಕದೆ?”

ಮಗಳಿಗೆ ಉತ್ತರ ತೋಚಲಿಲ್ಲ. ಹಳ್ಳಿಯ ಮನೆಯ ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೋ ಇತ್ತು, ಅಪ್ಪನ ಅಕ್ಕನದು. ಸಣ್ಣ ವಯಸ್ಸಿನಲ್ಲಿ ಹೋದಳು ಎಂದಷ್ಟೇ ಅವಳಿಗೆ ಗೊತ್ತು. ಅಪ್ಪ ಅಂದು ಹೇಳಿದರು. ಅಕ್ಕನನ್ನು ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. 1993ರ ಸೆಪ್ಟೆಂಬರ್ 29ರ ರಾತ್ರಿ ಗಣಪತಿ ಕಳಿಸಿ ಊರೆಲ್ಲ ದಣಿದು ಮಲಗಿತ್ತು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಇಲ್ಲಿ, ಆಳಂದದ ಕಡೆ, ಪಾತ್ರೆ ಉರುಳಿ ಗೋಡೆ ಸೀಳಿದವು. ಎಲ್ಲರೂ ಹೊರಗೆ ಓಡಿಬಂದರು. ಅಲ್ಲಿ ಓಡಲು ಹೊತ್ತು ಸಿಗಲಿಲ್ಲ. ಎರಡನೆಯ ದಿನ ಅಜ್ಜ ಹೋಗಿ ಬಂದರು. ಆ ಮೇಲೆ ಆಯಿ ಒಳಮನೆಯಲ್ಲಿ ಮಲಗಲಿಲ್ಲ.

ಕಿಲ್ಲಾರಿಯ ಭೂಕಂಪದ ಪ್ರಮಾಣ 6.2. ಜಪಾನಿನಂಥ ದೇಶ ಆ ಅಳತೆಯ ನಡುಕವನ್ನು ಎಷ್ಟೋ ಸಲ ಕಂಡು ಸುಧಾರಿಸಿಕೊಂಡಿದೆ. ಕಿಲ್ಲಾರಿಯ ಸುತ್ತ ಸುಮಾರು ಹತ್ತು ಸಾವಿರ ಜನ ಸತ್ತರು. ಆಗಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಆ ಪ್ರದೇಶ ಒಂದನೇ ವಲಯದಲ್ಲಿತ್ತು. ಎಂದರೆ ದೇಶದಲ್ಲಿ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆಯನ್ನು ತಿದ್ದಿದಾಗ ಒಂದನೇ ವಲಯವನ್ನೇ ಕೈಬಿಟ್ಟರು.

ಗಡಿಯಿಂದ ಇಷ್ಟು ದೂರದಲ್ಲಿ ನೆಲ ನಡುಗುವುದು ಏಕೆ? ಫಲಕ ಗಟ್ಟಿಯಾದದ್ದು ಎಂಬುದರಲ್ಲಿಯೇ ಉತ್ತರವಿದೆ. ಗಟ್ಟಿ ವಸ್ತುವಿನ ಒಂದು ತುದಿಯನ್ನು ಒತ್ತಿದರೆ ಒತ್ತಡ ಇನ್ನೊಂದು ತುದಿಯವರೆಗೂ ಮುಟ್ಟುತ್ತದೆ. ಹಿಮಾಲಯದ ತಡೆ ಒಂದು ಕಡೆ, ಸಾಗರದ ಏಣಿನ ಒತ್ತು ಇನ್ನೊಂದು ಕಡೆ. ನಡುವಿನ ನೆಲ ಸದಾ ಬಿಗಿತದಲ್ಲಿರುತ್ತದೆ. ಅದರೊಳಗೆ ಕೋಟ್ಯಂತರ ವರ್ಷಗಳ ಹಳೆಯ ಬಿರುಕುಗಳಿವೆ. ನಮ್ಮಲ್ಲಿ ಅವು ಕಪ್ಪುಕಲ್ಲಿನ ಹಾಸಿನ ಕೆಳಗೆ ಅಡಗಿವೆ. ಹಲಗೆಯನ್ನು ಎರಡೂ ತುದಿಯಿಂದ ಒತ್ತಿದಾಗ ಗಂಟಿರುವ ಕಡೆ ಸೀಳುವಂತೆ, ನೂರಾರು ವರ್ಷಕ್ಕೊಮ್ಮೆ ಎಲ್ಲೋ ಒಂದು ಕಡೆ ಆ ಬಿಗಿತ ಸಡಿಲುತ್ತದೆ. ಗಡಿಯಲ್ಲಿ ಭೂಕಂಪ ಹೆಚ್ಚು ಎಂದು ಪುಸ್ತಕ ಹೇಳುವುದು ಸುಳ್ಳಲ್ಲ. ಒಳಗೆ ಬಹಳ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯದೇ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ಕಂಪಿಸಿದಾಗ ಜನ ಮನೆಯೊಳಗೆ ಮಲಗಲು ಹೆದರಿದ್ದರು.

“ಅಣ್ಣತಮ್ಮಂದಿರು ಬದುವಿನ ಮ್ಯಾಲ ಜಗಳಾಡ್ತಾರ,” ಎಂದರು ಅಪ್ಪ. “ಮನಸು ಒಡೆಯೋದು ಮನಿ ಒಳಗ.”

ಕಿಲ್ಲಾರಿಯಲ್ಲಿ ಕೊಂದದ್ದು ನೆಲವಲ್ಲ, ಗೋಡೆ. ಎರಡಡಿಗೂ ಮಿಕ್ಕಿದ ದಪ್ಪದ ಗೋಡೆಗಳು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು, ನಡುವೆ ಮಣ್ಣು ಮತ್ತು ಜಲ್ಲಿ. ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲುಗಳಿರಲಿಲ್ಲ. ನೆಲ ಅಲುಗಿದಾಗ ಎರಡು ಸಾಲು ಎರಡು ಕಡೆಗೆ ಬಿಚ್ಚಿಕೊಂಡವು. ಬೇಸಿಗೆಯ ತಂಪಿಗೆಂದು ಹೊರಿಸಿದ್ದ ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಇಳಿಯಿತು. ಆಮೇಲೆ ತಜ್ಞರು ಹೇಳಿದ ಉಪಾಯಗಳು ದೊಡ್ಡವಲ್ಲ. ಗೋಡೆಯ ಎರಡೂ ಮುಖ ಹಿಡಿಯುವಂತೆ ಅಲ್ಲಲ್ಲಿ ಉದ್ದ ಕಲ್ಲು ಇಡಬೇಕು. ಮಾಳಿಗೆಯ ಭಾರ ಇಳಿಸಬೇಕು. ಬಾಗಿಲ ಮೇಲಿನ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ, ಎಲ್ಲಿಯೂ ತುಂಡಾಗದಂತೆ, ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಹಾಯಿಸಬೇಕು. ಪಟ್ಟಿ ಇದ್ದರೆ ನಾಲ್ಕು ಗೋಡೆಗಳು ಪೆಟ್ಟಿಗೆಯಂತೆ ಒಂದಾಗಿ ನಿಲ್ಲುತ್ತವೆ. ಇಲ್ಲದಿದ್ದರೆ ಮೂಲೆ ಬಿಟ್ಟು ಒಂದೊಂದಾಗಿ ಬೀಳುತ್ತವೆ.

ಮಗಳು ಕೊನೆಯ ಸಾಲನ್ನು ಹೊಡೆದುಹಾಕಿದಳು. ಏನು ಬರೆಯುವುದೆಂದು ತುಸು ಹೊತ್ತು ಪೆನ್ನು ಕಚ್ಚಿದಳು. ಆಮೇಲೆ ಬರೆದಳು: “ಗಡಿಯ ಒತ್ತಡ ಫಲಕದ ಒಳಭಾಗಕ್ಕೂ ಮುಟ್ಟುವುದರಿಂದ ಅಪರೂಪಕ್ಕೆ ಇಲ್ಲಿಯೂ ಭೂಕಂಪವಾಗುತ್ತದೆ. ಉದಾಹರಣೆ: ಕಿಲ್ಲಾರಿ, 1993.” ಉದಾಹರಣೆ ಎಂಬ ಪದದ ಹತ್ತಿರ ಅವಳ ಅಕ್ಷರ ಸ್ವಲ್ಪ ಸಣ್ಣದಾಗಿತ್ತು.

ರಾತ್ರಿ ಊಟವಾದ ಮೇಲೆ ಅಪ್ಪ ಗೌಂಡಿಗೆ ಫೋನ್ ಮಾಡಿದರು.

“ಆ ಪಟ್ಟಿ ಹಾಕು.”

“ಬಾಗಿಲ ಮ್ಯಾಲಷ್ಟೇ ಏನ್ರಿ?”

“ನಾಕೂ ದಿಕ್ಕ. ಎಲ್ಲೂ ತುಂಡಾಗಬಾರದು.”

ಪರೀಕ್ಷೆಯಲ್ಲಿ ಮಗಳಿಗೆ ಮೂರೂವರೆ ಅಂಕ ಬಂತು. ‘ದಕ್ಷಿಣಕ್ಕೆ: ವ್ಯಾಜ್ಯದಲ್ಲಿದೆ’ ಎಂಬಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದರು, ಆಮೇಲೆ ಇಡೀ ಉತ್ತರವನ್ನು ತರಗತಿಗೆ ಓದಿ ಹೇಳಿದರು.

ಹಳ್ಳಿಯ ಮನೆ ಬೇಸಿಗೆಯ ಹೊತ್ತಿಗೆ ಮುಗಿಯಿತು. ಮೂರು ಖೋಲಿ, ಮಣ್ಣಿನ ಮಾಳಿಗೆಯ ಬದಲು ತಗಡು, ಬಾಗಿಲ ಮೇಲೆ ಸುತ್ತ ಒಂದು ಬೂದು ಬಣ್ಣದ ಪಟ್ಟಿ. ಆಯಿಗೆ ಅದರ ಅರ್ಥವನ್ನು ವಿವರಿಸಿದ್ದು ಮೊಮ್ಮಗಳೇ. ಆಯಿ ಪೂರ್ತಿ ಕೇಳಿಸಿಕೊಂಡು, ಕೋಲು ಎತ್ತಿ ಪಟ್ಟಿಯನ್ನು ಒಂದು ಸಲ ತಟ್ಟಿ ನೋಡಿದರು. ಅವರ ಮಂಚ ಈಗಲೂ ಬಾಗಿಲ ಹತ್ತಿರವೇ ಇದೆ. ರಾತ್ರಿ ಅಗಳಿ ಮಾತ್ರ ಹಾಕಿಕೊಳ್ಳುತ್ತಾರೆ.